ಪಿಸಿ-ಡಿಮಿಸ್ ಅಲೈನ್‌ಮೆಂಟ್ ವಿಮರ್ಶೆ: ಕೈಗೆ ಒಗ್ಗುವ ಸಾಫ್ಟ್‌ವೇರ್, ಆದರೆ ಡೇಟಮ್ ಕ್ರಮ ನೀವೇ ಹೇಳಬೇಕು

ಹೆಕ್ಸಗನ್‌ನವರ ಪಿಸಿ-ಡಿಮಿಸ್ ಪೀಣ್ಯ, ಬೊಮ್ಮಸಂದ್ರದ ಕಡೆ ಸಿಎಂಎಂ (ಪ್ರೋಬ್‌ನಿಂದ ಮುಟ್ಟಿ ಅಳೆಯುವ ಮೆಷಿನ್) ಮೇಲೆ ಕೆಲಸ ಮಾಡುವವರಿಗೆ ಹೊಸದಲ್ಲ. ಇಡೀ ಸಾಫ್ಟ್‌ವೇರಿನ ತಂಟೆಗೆ ಹೋಗದೆ ಅದರ ಅಲೈನ್‌ಮೆಂಟ್ ಭಾಗವನ್ನಷ್ಟೇ (ಅಳೆಯುವ ಜಾಬಿನ ಅಕ್ಷಗಳನ್ನು ಡ್ರಾಯಿಂಗಿನ ಅಕ್ಷಗಳಿಗೆ ಹೊಂದಿಸುವುದು) ಇಲ್ಲಿ ನೋಡೋಣ. ಒಳ್ಳೆ ಜಾಬ್ ರಿಜೆಕ್ಟ್ ಆಗುವುದೂ ಕೆಟ್ಟ ಜಾಬ್ ಪಾಸಾಗುವುದೂ ಹೆಚ್ಚಾಗಿ ಇಲ್ಲೇ.

ಒಂದು ಅಲ್ಯೂಮಿನಿಯಂ ಗೇರ್‌ಬಾಕ್ಸ್ ಕವರ್ ಇಟ್ಟುಕೊಳ್ಳಿ. ಅಳತೆಗೆ ಆಧಾರವಾಗುವ ಡೇಟಮ್‌ಗಳು ಮೂರು: ಮಿಲ್ ಮಾಡಿದ ಮುಖ ಡೇಟಮ್ ಎ, 62 ಎಂಎಂ ಬೋರ್ ಡೇಟಮ್ ಬಿ, 10 ಎಂಎಂ ಡೋವೆಲ್ ಹೋಲ್ ಡೇಟಮ್ ಸಿ. ಬಿ ಇಂದ ಸಿ ಗೆ ಎಕ್ಸ್‌ನಲ್ಲಿ 84, ವೈನಲ್ಲಿ 35 ಎಂಎಂ. ಜಾಬಿಗೆ ಇರುವ ಮೂರು ತಿರುವು, ಮೂರು ಸರಿದಾಟಗಳಲ್ಲಿ ಎ ಮುಖ ಎರಡು ತಿರುವು, ಒಂದು ಸರಿದಾಟ ಕಟ್ಟಿಹಾಕುತ್ತದೆ. ಬಿ ಉಳಿದೆರಡು ಸರಿದಾಟ. ಸಿ ಕೊನೆಯ ತಿರುವು. ಅಲೈನ್‌ಮೆಂಟ್ ವಿಂಡೋದಲ್ಲಿ ಇದೇ ಕ್ರಮ: ಎ ಮುಖಕ್ಕೆ ಝಡ್ ಪ್ಲಸ್ ಲೆವೆಲ್ ಮಾಡಿ ಝಡ್ ಒರಿಜಿನ್ ಅಲ್ಲೇ ಕೊಡಿ, ಎಕ್ಸ್ ಮತ್ತು ವೈ ಒರಿಜಿನ್ ಬಿ ಬೋರಿಗೆ ಕೊಡಿ, ಬಿ–ಸಿ ಗೆರೆಗೆ ಎಕ್ಸ್ ಪ್ಲಸ್ ರೊಟೇಟ್ ಮಾಡಿ. ಒರಿಜಿನ್ ಕೊಡುವಾಗ ಆಟೋ ಟಿಕ್ ಬಿಟ್ಟು ಅಕ್ಷಗಳನ್ನು ಒಂದೊಂದಾಗಿ ಆರಿಸಿದರೆ ಬೇಡದ ಅಕ್ಷ ಸರಿಯುವುದಿಲ್ಲ.

ಇಷ್ಟಾದರೂ ಮುಗಿಯಲಿಲ್ಲ. ಈಗ ಸಿ ಹೋಲ್ ಎಕ್ಸ್ 91, ವೈ 0 ತೋರಿಸುತ್ತದೆ. ಡ್ರಾಯಿಂಗಿನ ಎಕ್ಸ್ ಅಕ್ಷಕ್ಕೆ ಬರಲು 22.62 ಡಿಗ್ರಿ ಆಫ್‌ಸೆಟ್ ಕೊಡಬೇಕು. ಕೊಟ್ಟ ಮೇಲೆ ಸಿ ಅನ್ನು ಓದಿ. 84 ಮತ್ತು 35 ಬಂದರೆ ಸರಿ. ವೈ ಮೈನಸ್ 35 ಬಂದರೆ ಕೋನದ ಚಿಹ್ನೆ ಉಲ್ಟಾ ಆಗಿದೆ. ಈ ಒಂದು ಓದು ಅರ್ಧ ನಿಮಿಷದ ಕೆಲಸ, ಬಿಡಲೇಬಾರದು.

ಅಲೈನ್‌ಮೆಂಟ್ ಎರಡು ಸಲ ಕಟ್ಟಬೇಕು. ಮೊದಲನೆಯದು ಮ್ಯಾನುಯಲ್: ಮುಖಕ್ಕೆ 3 ಟಚ್, ಎರಡೂ ಹೋಲ್‌ಗೆ 4–4. ಜಾಬ್ ಗ್ರಾನೈಟ್ ಮೇಲೆ ಎಲ್ಲಿದೆ ಎಂದು ಮೆಷಿನ್‌ಗೆ ತಿಳಿಯಲು ಅಷ್ಟು ಸಾಕು. ಆಮೇಲೆ ಮೆಷಿನ್ ತಾನೇ ಓಡುವ ಡಿಸಿಸಿ ಮೋಡ್‌ಗೆ ಹೋಗಿ ಅದೇ ಫೀಚರ್‌ಗಳನ್ನು ಮತ್ತೆ ಅಳೆಯಿರಿ: ಮುಖದ ಅಂಚಿನವರೆಗೂ ಹರಡಿದ 8ಕ್ಕಿಂತ ಹೆಚ್ಚು ಟಚ್, ಬೋರ್ ಅನ್ನು ಎರಡು ಆಳದಲ್ಲಿ ಸಿಲಿಂಡರ್ ಆಗಿ. ರಿಪೋರ್ಟ್ ನಿಲ್ಲಬೇಕಾದ್ದು ಈ ಎರಡನೆಯದರ ಮೇಲೆ. ಕೈಯಿಂದ ಮುಟ್ಟಿದಾಗ ಒತ್ತಡ, ದಿಕ್ಕು ಎರಡೂ ಪ್ರತಿ ಸಲ ಬದಲಾಗುತ್ತವೆ.

ಪಿಸಿ-ಡಿಮಿಸ್‌ನಲ್ಲಿ ಹೆಚ್ಚು ಕಾಡುವ ಜಾಗ ರೀಕಾಲ್. ಪ್ರತಿ ಅಲೈನ್‌ಮೆಂಟ್ ಬ್ಲಾಕಿನ ಮೊದಲ ಸಾಲಲ್ಲಿ ಯಾವುದರ ಮೇಲೆ ಕಟ್ಟುತ್ತಿದೆ ಎಂದು ಬರೆದಿರುತ್ತದೆ. ಹಳೇ ಪ್ರೋಗ್ರಾಂನಿಂದ ಬ್ಲಾಕ್ ಕಾಪಿ ಮಾಡಿ ಒಂದೇ ಒಂದು ಒರಿಜಿನ್ ಬದಲಿಸಿದಾಗ ರೀಕಾಲ್ ಎ2 (ಡಿಸಿಸಿ ಅಲೈನ್‌ಮೆಂಟ್) ಬದಲು ಎ1 (ಮ್ಯಾನುಯಲ್) ಎಂದು ಉಳಿದಿದ್ದರೆ, ಡಿಸಿಸಿಯಲ್ಲಿ ಅಳೆದ ಲೆವೆಲ್ ಬಿಟ್ಟುಹೋಗಿ ಕೈಯಳತೆಯ ಲೆವೆಲ್ ಮೇಲೆ ರಿಪೋರ್ಟ್ ಬರುತ್ತದೆ. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ಎರರ್ ಬರುವುದಿಲ್ಲ. ಇದಕ್ಕೊಂದು ಎಚ್ಚರಿಕೆ ಕೊಡುವ ವ್ಯವಸ್ಥೆ ಇದ್ದಿದ್ದರೆ ಎಷ್ಟೋ ಜಾಬ್ ಉಳಿಯುತ್ತಿದ್ದವು. ಝೈಸ್‌ನ ಕ್ಯಾಲಿಪ್ಸೊದಲ್ಲಿ ಬೇಸ್ ಅಲೈನ್‌ಮೆಂಟ್‌ಗೆ ಒಂದೇ ವಿಂಡೋ, ಪ್ರತಿ ತಿರುವಿಗೂ ಒರಿಜಿನ್‌ಗೂ ಒಂದೊಂದು ಖಾನೆ. ಹೊಸಬರಿಗೆ ಅದು ಸುಲಭ. ಪಿಸಿ-ಡಿಮಿಸ್‌ನ ಸಾಲು ಸಾಲಾದ ಪ್ರೋಗ್ರಾಂ ಕಲಿಯಲು ತುಸು ನಿಧಾನ, ಆದರೆ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ.

ರೊಟೇಷನ್‌ಗೆ ಗಿಡ್ಡ ಗೆರೆ ಬೇಡ. 20 ಎಂಎಂ ಗೆರೆಯ ಒಂದು ತುದಿಯಲ್ಲಿ 5 ಮೈಕ್ರಾನ್ ತಪ್ಪಿದರೆ 300 ಎಂಎಂ ದೂರದ ಹೋಲ್‌ನಲ್ಲಿ ಅದು 75 ಮೈಕ್ರಾನ್.

2020 ಆರ್2 ಆವೃತ್ತಿಯಿಂದ ಬಂದ ಜಿಯೊಮೆಟ್ರಿಕ್ ಟಾಲರೆನ್ಸ್ ಕಮಾಂಡ್‌ಗೆ ಪೂರ್ತಿ ಅಂಕ ಕೊಡಬೇಕು. ಹಳೇ ಲೆಗಸಿ ಡೈಮೆನ್ಷನ್ ಆಗ ಚಾಲ್ತಿಯಲ್ಲಿರುವ ಅಲೈನ್‌ಮೆಂಟನ್ನೇ ನಂಬುತ್ತದೆ. ಈ ಕಮಾಂಡ್ ಹಾಗಲ್ಲ: ಡ್ರಾಯಿಂಗಿನ ಟಾಲರೆನ್ಸ್ ಫ್ರೇಮಿನಲ್ಲಿ ಬರೆದ ಎ, ಬಿ, ಸಿ ಫೀಚರ್‌ಗಳಿಂದ ತಾನೇ ಡೇಟಮ್ ಚೌಕಟ್ಟು ಕಟ್ಟಿಕೊಳ್ಳುತ್ತದೆ. ಡ್ರಾಯಿಂಗ್ ಏಎಸ್ಎಂಇಯದೋ ಐಎಸ್ಒದ್ದೋ ನೋಡಿ ಸ್ಟ್ಯಾಂಡರ್ಡ್ ಆರಿಸಿ. ಡೇಟಮ್ ಬಿ ಪಕ್ಕ ವೃತ್ತದೊಳಗೆ ಎಂ ಅಕ್ಷರವಿದ್ದರೆ (ಮ್ಯಾಕ್ಸಿಮಮ್ ಮೆಟೀರಿಯಲ್) ಬೋರಿನ ಅಳತೆಗೆ ತಕ್ಕ ಡೇಟಮ್ ಶಿಫ್ಟ್ (ಡೇಟಮ್ ಸರಿಯಲು ಸಿಗುವ ಅವಕಾಶ) ಕೂಡ ಲೆಕ್ಕಕ್ಕೆ ಬರುತ್ತದೆ; ಬರೀ ಅಲೈನ್‌ಮೆಂಟ್‌ನಿಂದ ಅದಾಗದು. ಎರಡೂ ವಿಧಾನದ ಉತ್ತರದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಎ ಮುಖದ ಫ್ಲಾಟ್‌ನೆಸ್ ನೋಡಿ. ಬಾಗಿದ ಮುಖ ಅಸೆಂಬ್ಲಿಯಲ್ಲಿ ಎತ್ತರದ ಬಿಂದುಗಳ ಮೇಲೆ ಕೂರುತ್ತದೆ, ಲೀಸ್ಟ್ ಸ್ಕ್ವೇರ್ ಪ್ಲೇನ್ ಮಾತ್ರ ಅದರ ಸರಾಸರಿಯಲ್ಲಿ ಹಾಯುತ್ತದೆ.

ಶೀಟ್ ಮೆಟಲ್, ಕಾಸ್ಟಿಂಗ್‌ನ ಡೇಟಮ್ ಟಾರ್ಗೆಟ್‌ಗಳಿಗೆ (ಡ್ರಾಯಿಂಗ್ ಗುರುತಿಸಿದ ಮುಟ್ಟುವ ಜಾಗಗಳು) ಇಟರೇಟಿವ್ ಅಲೈನ್‌ಮೆಂಟ್ ಚೆನ್ನಾಗಿದೆ: ಲೆವೆಲ್‌ಗೆ 3 ಬಿಂದು, ರೊಟೇಟ್‌ಗೆ 2, ಒರಿಜಿನ್‌ಗೆ 1. ಮುಟ್ಟಿದ ಜಾಗ ಟಾರ್ಗೆಟ್ ರೇಡಿಯಸ್‌ನೊಳಗೆ ಬರುವವರೆಗೆ ಮತ್ತೆ ಮತ್ತೆ ಅಳೆಯುತ್ತದೆ. ರೇಡಿಯಸ್ ತೀರಾ ಚಿಕ್ಕದಾಗಿಟ್ಟರೆ ಸುತ್ತು ಮುಗಿಯುವುದೇ ಇಲ್ಲ. ಬೆಸ್ಟ್ ಫಿಟ್ ಅನ್ನು ಮಾತ್ರ ಡ್ರಾಯಿಂಗ್ ಕೇಳದ ಹೊರತು ಫೈನಲ್ ರಿಪೋರ್ಟ್‌ಗೆ ಬಳಸಬೇಡಿ. ಅದು ತಪ್ಪನ್ನು ಎಲ್ಲ ಹೋಲ್‌ಗಳಿಗೂ ಹಂಚಿ ಕೆಟ್ಟದ್ದನ್ನು ಮುಚ್ಚಿಬಿಡುತ್ತದೆ.

ಪ್ರೋಗ್ರಾಂ ಮುಗಿದ ಮೇಲೆ ಜಾಬನ್ನು ಸುಮಾರು 15 ಡಿಗ್ರಿ ತಿರುಗಿಸಿಟ್ಟು ಮ್ಯಾನುಯಲ್‌ನಿಂದ ಪುನಃ ಓಡಿಸಿ. ಹೋಲ್ ಪೊಸಿಷನ್ ಕೆಲವೇ ಮೈಕ್ರಾನ್‌ನೊಳಗೆ ಮರಳಿ ಬರಬೇಕು. ಬರದಿದ್ದರೆ ರೀಕಾಲ್ ಸಾಲು, ವರ್ಕ್‌ಪ್ಲೇನ್ (2ಡಿ ಅಳತೆಗೆ ಆರಿಸಿದ ಸಮತಲ), ಟಿಪ್ ಕ್ಯಾಲಿಬ್ರೇಷನ್, ಈ ಕ್ರಮದಲ್ಲಿ ಹುಡುಕಿ. ಮೆಷಿನಿಂಗ್‌ನಿಂದ ಬಿಸಿಬಿಸಿ ಬಂದ ಕವರ್ ಆದರೆ 20 ಡಿಗ್ರಿಗೆ ಬರುವವರೆಗೆ ಕಾಯಿರಿ. 300 ಎಂಎಂ ಅಲ್ಯೂಮಿನಿಯಂ 5 ಡಿಗ್ರಿ ಬಿಸಿಗೆ ಸುಮಾರು 35 ಮೈಕ್ರಾನ್ ಹಿಗ್ಗುತ್ತದೆ.