ಮುಳ್ಳು ಕೆಳಗಿದೆ ಅಂತ ನಂಬಿ ಘಾಟ್ ಹತ್ತಬೇಡಿ

2023ರ ಮೇ ತಿಂಗಳು. ಅವ್ವನನ್ನು ಕರೆದುಕೊಂಡು ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆ. ಕಾತ್ರಜ್ ಸುರಂಗ ದಾಟಿ, ಶಿರವಳದಲ್ಲಿ ಚಹಾ ಕುಡಿದು, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಖಂಬಾಟ್ಕಿ ಘಾಟ್ ಹತ್ತತೊಡಗಿದೆವು. ಮುಂದೆ ಲಾರಿಗಳ ಸಾಲು. ಮೊದಲನೇ ಗೇರ್, ಎರಡನೇ ಗೇರ್, ಮತ್ತೆ ಮೊದಲನೇ ಗೇರ್. ಹಿಂದಿನ ಸೀಟಿನಿಂದ ಅವ್ವ, "ಏನೋ ಸಿಹಿ ವಾಸನಿ ಬರಾಕತ್ತೈತಿ ನೋಡವಾ" ಎಂದಳು. ಟೆಂಪರೇಚರ್ ಮುಳ್ಳು ನೋಡಿದೆ. ಕಾಲು ಭಾಗಕ್ಕಿಂತ ಕೆಳಗೇ ಇತ್ತು. "ಗಾಡಿ ತಣ್ಣಗೈತಿ ಬಿಡವ್ವಾ" ಎಂದೆ.

ಎರಡು ತಿರುವು ದಾಟುವಷ್ಟರಲ್ಲಿ ಬಾನೆಟ್ ಸಂದಿನಿಂದ ಬಿಳಿ ಹಬೆ ಎದ್ದಿತು. ಮುಳ್ಳು ಆಗ ಇನ್ನೂ ಕೆಳಗೆ ಇಳಿದು, ತಣ್ಣಗಿದೆ ಅಂತ ಸೂಚಿಸುವ ಸಿ ಅಕ್ಷರದ ಮೇಲೆ ಮಲಗಿತ್ತು.

ಎಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಅನ್ನುತ್ತಾರೆ. ಅದರ ಕೆಳಗೆ ಕೂರುವ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ ಸೊಟ್ಟಗಾಗಿತ್ತು. ಟೋಯಿಂಗ್, ಹೆಡ್ ಫೇಸಿಂಗ್, ಗ್ಯಾಸ್ಕೆಟ್, ಕೂಲಂಟ್, ಕೂಲಿ ಎಲ್ಲ ಸೇರಿ 31 ಸಾವಿರ ರೂಪಾಯಿ. ಅದಕ್ಕೂ ಮುಂಚಿನ ಐದು ತಿಂಗಳಲ್ಲಿ "ರಿಪೇರಿ" ಅಂತ ಕೊಟ್ಟಿದ್ದು ಬೇರೆ 14 ಸಾವಿರ. ಮೂಲ ದೋಷ ಇದ್ದಿದ್ದು 120 ರೂಪಾಯಿಯ ಒಂದು ಕಪ್ಲರ್‌ನಲ್ಲಿ, ಅಂದರೆ ಸೆನ್ಸರ್‌ಗೆ ವೈರ್ ಜೋಡಿಸುವ ಪ್ಲಗ್‌ನಲ್ಲಿ. ಹಳೆಯ ಗಾಡಿ ಇಟ್ಟುಕೊಂಡು ಪುಣೆ, ಮುಂಬೈಯಿಂದ ಊರಿಗೆ ಓಡಾಡುವ ನಮ್ಮವರು ತುಂಬಾ ಜನ ಇದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 2006ರ ಪೆಟ್ರೋಲ್ ಗಾಡಿ. ಅಪ್ಪ ಕೊಂಡಿದ್ದು. ಹದಿನೈದು ವರ್ಷ ಆದ ಮೇಲೆ ಫಿಟ್ನೆಸ್ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಉಳಿಸಿಕೊಂಡಿದ್ದೇವೆ. ಮಾರುವ ಮನಸ್ಸಿಲ್ಲ.

ತೊಂದರೆ ಶುರುವಾಗಿದ್ದು ಡಿಸೆಂಬರ್‌ನಲ್ಲಿ. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 11ಕ್ಕೆ ಇಳಿಯಿತು. ಸೈಲೆನ್ಸರ್ ಬಾಯಿ ಕಪ್ಪಾಯಿತು, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಬೆಳಿಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿದ್ದ ಗಾಡಿ, ಬಿಸಿಯಾದಾಗ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಎಳೆದು ಎಳೆದು ಸ್ಟಾರ್ಟ್ ಆಗುತ್ತಿತ್ತು. ಪಿಯುಸಿ (ಹೊಗೆ ತಪಾಸಣೆ) ಮಾಡಿಸಲು ಹೋದರೆ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬಂತು. ಸ್ವಾರ್ಗೇಟ್ ಸಿಗ್ನಲ್‌ನಲ್ಲಿ ನಿಂತರೆ ಮುಳ್ಳು ಮೇಲೇರುತ್ತಿತ್ತು, ಎಸಿ ಹಾಕಿದರೆ ಇಳಿಯುತ್ತಿತ್ತು. ಚೆಕ್ ಎಂಜಿನ್ ದೀಪ ಮಾತ್ರ ಒಂದು ದಿನವೂ ಹತ್ತಲಿಲ್ಲ.

ಇವನ್ನೆಲ್ಲ ನಾನು ಮೆಕ್ಯಾನಿಕ್‌ಗೆ ಒಂದೊಂದಾಗಿ ಹೇಳಿದ್ದೆ. ಅಷ್ಟೂ ಲಕ್ಷಣ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಆದರೆ ಯಾರೂ ಮೀಟರ್ ಹಿಡಿಯಲಿಲ್ಲ. ಮೊದಲು ಪ್ಲಗ್ ಬದಲಾಯಿತು. ಆಮೇಲೆ ಇಂಜೆಕ್ಟರ್ ಸರ್ವಿಸ್. ಆಮೇಲೆ "ಸೆನ್ಸರ್ ಹೋಗಿದೆ" ಅಂತ ಸೆನ್ಸರ್ ಹಾಕಿದರು. ಮುಳ್ಳು ಮೇಲೇರುತ್ತದೆ ಅಂತ, ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಥರ್ಮೋಸ್ಟ್ಯಾಟ್ ವಾಲ್ವ್ ತೆಗೆದೇಬಿಟ್ಟರು. ಕೊನೆಗೆ, "ತಾಈ, ಫ್ಯಾನ್ ಡೈರೆಕ್ಟ್ ಕರೂನ್ ದೇತೋ" (ಅಕ್ಕಾ, ಫ್ಯಾನ್ ಡೈರೆಕ್ಟ್ ಮಾಡಿಕೊಡ್ತೀನಿ) ಅಂತ ಮರಾಠಿಯಲ್ಲಿ ಹೇಳಿ ರೇಡಿಯೇಟರ್ ಫ್ಯಾನಿನ ಹಳೆಯ ವೈರ್ ಕತ್ತರಿಸಿ, ಬ್ಯಾಟರಿಯಿಂದ ಸೀದಾ ಒಂದು ತೆಳು ವೈರ್ ಎಳೆದು, ಡ್ಯಾಶ್‌ಬೋರ್ಡ್ ಕೆಳಗೆ ಸ್ವಿಚ್ ಕೂರಿಸಿದರು. ಜಾಸ್ತಿ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ರಿಲೇ ಇಲ್ಲ. ಮುಳ್ಳು ಕೆಳಗಿಳಿಯಿತು. ನನಗೆ ನಿಜಕ್ಕೂ ಖುಷಿಯಾಗಿತ್ತು.

ಘಾಟ್‌ನಲ್ಲಿ ಆಗಿದ್ದು ಇಷ್ಟು. ಫ್ಯಾನಿನ ಮೋಟಾರ್ ಎಳೆಯುವ ಕರೆಂಟಿಗೆ ಆ ಸಣ್ಣ ಸ್ವಿಚ್ ಒಳಗೇ ಕರಗಿತ್ತು, ಫ್ಯಾನ್ ನಿಂತುಹೋಗಿತ್ತು. ಸ್ವಿಚ್ ಆನ್ ಇದ್ದಿದ್ದರಿಂದ ನನಗೆ ಗೊತ್ತಾಗಲಿಲ್ಲ. ಅವ್ವನ ಮೂಗಿಗೆ ಬಿದ್ದ ಸಿಹಿ ವಾಸನೆ ಕೂಲಂಟಿನದು, ಅಂದರೆ ಎಂಜಿನ್ ತಣ್ಣಗಿಡಲು ನೀರಿನ ಜೊತೆ ಹಾಕುವ ದ್ರವದ್ದು. ದಯವಿಟ್ಟು ಇದನ್ನು ನೆನಪಿಡಿ: ಗಾಡಿಯೊಳಗೆ ಸಿಹಿ ವಾಸನೆ ಬಂದರೆ ಮುಳ್ಳು ಏನೇ ಹೇಳಲಿ, ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ.

ಗಾಡಿ ನಿಂತಾಗ ಒಬ್ಬರು ನೀರಿನ ಬಾಟಲಿ ಹಿಡಿದು ಓಡಿ ಬಂದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ಹಿಂದೆ ಬರುತ್ತಿದ್ದ ಕೆಎ ನಂಬರಿನ ಲಾರಿಯ ಡ್ರೈವರ್ ಕೂಗಿ ತಡೆದರು, "ಮುಚ್ಚಳ ಮುಟ್ಟಬ್ಯಾಡ್ರೀ, ಮಾರಿ ಸುಟ್ಟೀತು!" ಒತ್ತಡದೊಳಗೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಾದರೆ ಒಮ್ಮೆಗೇ ಕುದಿದು ಚಿಮ್ಮುತ್ತದೆ. ಆ ಅಣ್ಣನಿಂದ ಒಬ್ಬರ ಕಣ್ಣು ಉಳಿಯಿತು. ಅರ್ಧ ಗಂಟೆಗೂ ಜಾಸ್ತಿ ಕಾದ ಮೇಲೆ ಅವರೇ ದಪ್ಪ ಬಟ್ಟೆ ಹಾಕಿ ತೆಗೆದರು. ಒಳಗೆ ನೀರೇ ಕಾಣಲಿಲ್ಲ.

ಮುಳ್ಳು ಯಾಕೆ ಸುಳ್ಳು ಹೇಳಿತು? ಇದನ್ನು ತೋರಿಸಿಕೊಟ್ಟವರು ಕಾತ್ರಜ್ ಹತ್ತಿರ ಸಣ್ಣ ಅಂಗಡಿ ಇಟ್ಟಿರುವ ಒಬ್ಬ ಆಟೋ ಎಲೆಕ್ಟ್ರಿಷಿಯನ್. ವಿಜಯಪುರದ ಕಡೆಯವರು. ಹೆಡ್ ಕೆಲಸ ಮುಗಿದ ಮೇಲೂ ಮೈಲೇಜ್ ಬರದಿದ್ದಾಗ ಅವರ ಹತ್ತಿರ ಹೋದೆ. ಬಾನೆಟ್ ತೆಗೆದು ಟಾರ್ಚ್ ಬಿಟ್ಟು, "ಅಕ್ಕಾರ, ಇಲ್ಲಿ ಎರಡು ಸೆನ್ಸರ್ ಅದಾವ ನೋಡ್ರಿ. ಅವರು ಬದಲಿ ಮಾಡಿದ್ದು ಒಂದ ವೈರಿಂದು" ಎಂದರು.

ಎಷ್ಟೋ ಹಳೆಯ ಗಾಡಿಗಳಲ್ಲಿ ಹೀಗೇ ಇರುತ್ತದೆ. ಒಂದು ವೈರಿನದು ಡ್ಯಾಶ್‌ಬೋರ್ಡಿನ ಮುಳ್ಳಿಗೆ. ಎರಡು ವೈರಿನದು ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ. ಪೆಟ್ರೋಲ್ ಎಷ್ಟು ಬಿಡಬೇಕು, ಫ್ಯಾನ್ ಯಾವಾಗ ಹಾಕಬೇಕು ಅನ್ನೋದನ್ನು ಇಸಿಎಂ ತೀರ್ಮಾನಿಸುವುದು ಎರಡನೆಯದನ್ನು ನೋಡಿ. ನನ್ನ ಗಾಡಿಯ ತೊಂದರೆ ಎಲ್ಲ ಎರಡನೆಯದರಲ್ಲಿತ್ತು. ಬದಲಾಗಿದ್ದು ಮೊದಲನೆಯದು. ಅದೂ ಚೂಡಿಗೆ (ತಿರುಗಿಸಿ ಕೂರಿಸುವ ಥ್ರೆಡ್‌ಗೆ) ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿ. ಒಂದು ವೈರಿನ ಸೆನ್ಸರ್‌ಗೆ ಅರ್ಥಿಂಗ್ ಸಿಗುವುದು ಅದರ ಚೂಡಿಯಿಂದಲೇ. ಟೇಪ್ ಅಡ್ಡ ಬಂದರೆ ಮುಳ್ಳು ಇರಬೇಕಾದ್ದಕ್ಕಿಂತ ಕೆಳಗೆ ತೋರಿಸುತ್ತದೆ. ಗಾಡಿ ತಣ್ಣಗಾಗಿದೆ ಅಂತ ನಾನು ಖುಷಿಪಟ್ಟಿದ್ದು ಇದನ್ನೇ ನೋಡಿ.

ಇನ್ನೊಂದು ವಿಷಯ ಎಲ್ಲ ಗಾಡಿಗೂ ಅನ್ವಯಿಸುತ್ತದೆ. ಸೆನ್ಸರ್‌ಗೆ ತಿಳಿಯುವುದು ತನ್ನ ತುದಿಗೆ ತಾಗಿದ ನೀರಿನ ಬಿಸಿ. ನೀರು ಇಳಿದು ತುದಿ ಗಾಳಿಯಲ್ಲಿ ನಿಂತರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬರಬಹುದು. ಏರಿನಲ್ಲಿ, ಬಿಸಿಲಿನಲ್ಲಿ ಮುಳ್ಳು ತಟ್ಟನೆ ಸಿ ಕಡೆ ಬಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ.

ಇನ್ನು ಆ ಎರಡು ವೈರಿನ ಸೆನ್ಸರ್. ಇದರೊಳಗೆ ಇರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಇದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಅದನ್ನು ಅಳೆಯುವುದು ಓಮ್‌ನಲ್ಲಿ. ನನ್ನ ಗಾಡಿಯಂಥವುಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು 2.4 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಆ ಎಲೆಕ್ಟ್ರಿಷಿಯನ್ ಸೆನ್ಸರ್ ಬಿಚ್ಚಿಕೊಟ್ಟು, ಮನೆಯಲ್ಲೇ ನೋಡಿ ಅಂದರು. ತಾಪಕೀರ್ ಗಲ್ಲಿಯಿಂದ ಒಂದು ಮಲ್ಟಿಮೀಟರ್ ತಂದೆ. ಪಾತ್ರೆಯಲ್ಲಿ ನೀರು, ಅಡುಗೆ ಥರ್ಮಾಮೀಟರ್, ದಾರ ಕಟ್ಟಿ ಇಳಿಬಿಟ್ಟ ಸೆನ್ಸರ್. ತುದಿ ಮಾತ್ರ ನೀರಿನಲ್ಲಿ, ಪಿನ್ನುಗಳು ಒಣಗಿರಬೇಕು. 26 ಡಿಗ್ರಿಗೆ 1.9 ಕಿಲೋ ಓಮ್ ಬಂತು. ಬಿಸಿ ಮಾಡುತ್ತಾ ಹೋದಂತೆ ಎಲ್ಲೂ ಜಿಗಿಯದೆ ಇಳಿಯಿತು. 80ಕ್ಕೆ 310. ಸೆನ್ಸರ್ ಚೆನ್ನಾಗಿಯೇ ಇತ್ತು!

ಕೆಟ್ಟಿದ್ದು ಅದರ ಕಪ್ಲರ್. ರಬ್ಬರ್ ಸೀಲ್ ಹರಿದು, ಮಳೆಗಾಲದ ನೀರು ಸೇರಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಆ ಕಿಲುಬಿನದೇ ಸುಮಾರು 700 ಓಮ್ ತೋರಿಸಿತು. ಈ ಲೆಕ್ಕ ನನಗೆ ಕಣ್ಣು ತೆರೆಸಿತು. ಎಂಜಿನ್ ತಣ್ಣಗಿದ್ದಾಗ 2,400ಕ್ಕೆ 700 ಸೇರಿದರೆ ಕೆಲವೇ ಡಿಗ್ರಿ ವ್ಯತ್ಯಾಸ. ಅದಕ್ಕೇ ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗುತ್ತಿತ್ತು. ಎಂಜಿನ್ 80 ಡಿಗ್ರಿಗೆ ಬಂದಾಗ 300ಕ್ಕೆ 700 ಸೇರಿ 1,000 ಓಮ್ ಆಗುತ್ತದೆ. ಇಸಿಎಂಗೆ ಅದು 45 ಡಿಗ್ರಿಯ ಹಾಗೆ ಕಾಣುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಅದು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಫ್ಯಾನ್ ಹಾಕುವುದೇ ಇಲ್ಲ. ಎಸಿ ಹಾಕಿದಾಗ ಫ್ಯಾನ್ ಬೇರೆ ದಾರಿಯಿಂದ ತಿರುಗುವುದರಿಂದ ಮುಳ್ಳು ಇಳಿಯುತ್ತಿತ್ತು. ವೈರ್ ಪೂರ್ತಿ ಕಡಿದಿದ್ದರೆ ಅಥವಾ ಶಾರ್ಟ್ ಆಗಿದ್ದರೆ ಇಸಿಎಂ ದೋಷ ಹಿಡಿದು ದೀಪ ಹತ್ತಿಸುತ್ತಿತ್ತು. 45 ಡಿಗ್ರಿ ಅನ್ನುವುದು ನಂಬುವಂಥ ಅಂಕಿ, ಅದಕ್ಕೇ ಸುಮ್ಮನಿತ್ತು. ವಾಲ್ವ್ ತೆಗೆದ ಮೇಲೆ ಎಂಜಿನ್ ಬಿಸಿಯಾಗಲು ಇನ್ನೂ ಹೊತ್ತು ಹಿಡಿದು ಮೈಲೇಜ್ 9ಕ್ಕೆ ಬಂದಿತ್ತು.

ಹೊಸ ಗಾಡಿಯಾದರೆ ಸ್ಕ್ಯಾನರ್ ಹಾಕಿ ನೋಡಬಹುದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮುಂಚೆ, ಕೂಲಂಟ್ ಮತ್ತು ಹೊರಗಿನ ಗಾಳಿಯ ಅಂಕಿ ಹೆಚ್ಚುಕಡಿಮೆ ಒಂದೇ ಇರಬೇಕು. ಸೆನ್ಸರ್ ಕಪ್ಲರ್ ಬಿಚ್ಚಿದರೆ ಸಾಮಾನ್ಯವಾಗಿ ಮೈನಸ್ 40ರ ಹತ್ತಿರ ತೋರಿಸುತ್ತದೆ. ಹಾಗೆ ತೋರಿಸದಿದ್ದರೆ ವೈರ್ ನೋಡಬೇಕು. ಆದರೆ ನಮ್ಮ ದೇಶದಲ್ಲಿ ಓಬಿಡಿ (ಗಾಡಿಯೇ ತನ್ನ ದೋಷ ಹಿಡಿದು ಸ್ಕ್ಯಾನರ್‌ಗೆ ತಿಳಿಸುವ ವ್ಯವಸ್ಥೆ) ನಿಯಮ ಹಂತಹಂತವಾಗಿ ಬಂದಿದ್ದು 2010ರಿಂದ ಈಚೆಗೆ. ಅದಕ್ಕಿಂತ ಹಳೆಯ ಎಷ್ಟೋ ಗಾಡಿಗಳಿಗೆ ಅಗ್ಗದ ಬ್ಲೂಟೂತ್ ಡಾಂಗಲ್ ನಡೆಯುವುದಿಲ್ಲ. ನಾನೂ ಒಂದು ಕೊಂಡು ದುಡ್ಡು ಕಳೆದುಕೊಂಡೆ. ಅಂಥ ಗಾಡಿಗೆ ಮಲ್ಟಿಮೀಟರೇ ಸರಿ. ಕಪ್ಲರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿದಾಗ ವೈರ್ ಕಡೆ ಸುಮಾರು 5 ವೋಲ್ಟ್ ಬರಬೇಕು. ವೈರ್ ಅಲ್ಲಾಡಿಸಿಯೂ ನೋಡಿ. ಇನ್‌ಫ್ರಾರೆಡ್ ಗನ್ ಹಿಡಿಯುವವರು ಥರ್ಮೋಸ್ಟ್ಯಾಟ್ ಹೌಸಿಂಗ್ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅಳೆಯಲಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅಳೆದರೆ ಕಡಿಮೆ ತೋರಿಸುತ್ತದೆ.

ಕಪ್ಲರ್ ಬದಲಾಯಿಸಿ, ನಾನಾ ಪೇಠ್‌ನಿಂದ ಹೊಸ ಥರ್ಮೋಸ್ಟ್ಯಾಟ್ ತಂದು ಹಾಕಿ, ಒಂದು ವೈರಿನ ಸೆನ್ಸರ್‌ನ ಟೇಪ್ ತೆಗೆದು, ಫ್ಯಾನಿನ ವೈರನ್ನು ಮೊದಲಿನ ಹಾಗೆ ರಿಲೇಗೆ ಜೋಡಿಸಿದರು. ರೇಡಿಯೇಟರ್ ಮುಚ್ಚಳ, ಪೈಪುಗಳನ್ನೂ ನೋಡಿದರು. ಮೈಲೇಜ್ ಮತ್ತೆ 15ಕ್ಕೆ ಬಂದಿದೆ. ಸಿಗ್ನಲ್‌ನಲ್ಲಿ ಮುಳ್ಳು ಅರ್ಧದ ಹತ್ತಿರ ಬಂದು ನಿಲ್ಲುತ್ತದೆ, ಫ್ಯಾನ್ ತಾನೇ ಬರುತ್ತದೆ, ತಾನೇ ನಿಲ್ಲುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದರೆ ಸ್ಟೇರಿಂಗ್ ಕೆಳಗೆ ಕೈ ಹಾಕಿ ನೋಡಿ, ಇಂಥ ಫ್ಯಾನ್ ಸ್ವಿಚ್ ಇರಬಹುದು. ಇದ್ದರೆ, ಯಾಕೆ ಹಾಕಿದ್ದರು ಅನ್ನೋದು ಗೊತ್ತಾಗುವ ತನಕ ಆ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಊರಿಗೆ ಹೊರಡಬೇಡಿ.