ಟೋಕಿಯೋ ಡೋಮ್‌ನಲ್ಲಿ ಎಂಟು ಪಟ್ಟಗಳ ಸೆಣಸಾಟ: ರೆಸಲ್ ಕಿಂಗ್‌ಡಮ್ 11

ನ್ಯೂ ಜಪಾನ್ ಪ್ರೊ-ರೆಸ್ಲಿಂಗ್ ಸಂಸ್ಥೆಯು 1992ರಿಂದ ಪ್ರತಿ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ನಡೆಸುತ್ತ ಬಂದಿರುವ ಪ್ರದರ್ಶನವೇ ಜಪಾನಿನ ವೃತ್ತಿಪರ ಕುಸ್ತಿಯ ವರ್ಷದ ಅತಿ ದೊಡ್ಡ ಹಬ್ಬ. 2007ರಿಂದ ರೆಸಲ್ ಕಿಂಗ್‌ಡಮ್ ಎಂದು ಕರೆಯಲಾಗುತ್ತಿರುವ ಈ ಸರಣಿಯ ಹನ್ನೊಂದನೆಯ ಪ್ರದರ್ಶನ 2017ರಲ್ಲಿ, 26,192 ಪ್ರೇಕ್ಷಕರ ಮುಂದೆ ನಡೆಯಿತು. ಅಂದಿನ ಹನ್ನೊಂದು ಪಂದ್ಯಗಳಲ್ಲಿ ಎಂಟು ಚಾಂಪಿಯನ್‌ಶಿಪ್ ಪಂದ್ಯಗಳು. ಇಂಥ ಕುಸ್ತಿಯಲ್ಲಿ ಗೆಲುವು ಸೋಲು ಮೊದಲೇ ನಿರ್ಧಾರವಾಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದ್ದರಿಂದ ಯಾರು ಗೆದ್ದರು ಎಂಬುದಕ್ಕಿಂತ, ಆ ಗೆಲುವಿಗೆ ಬೆಲೆ ಬರುವಂತೆ ಕಥೆಯನ್ನು ಎಷ್ಟು ತಾಳ್ಮೆಯಿಂದ ಕಟ್ಟಿದ್ದಾರೆ ಎಂಬುದನ್ನು ನೋಡಿಯೇ ಈ ಪ್ರದರ್ಶನವನ್ನು ಅಳೆಯಬೇಕು.

ಆ ದೃಷ್ಟಿಯಿಂದ ಮೊದಲರ್ಧ ಸಪ್ಪೆಯೆಂದೇ ಹೇಳಬೇಕು. ಮೂವರ ತಂಡಗಳು ಒಂದರ ಹಿಂದೊಂದರಂತೆ ಬಂದು ಸೆಣಸುವ, 'ನೆವರ್' ಎಂಬ ಹೆಸರಿನ ಪಟ್ಟದ ಪಂದ್ಯವಾಗಲಿ, ಅಮೆರಿಕದ ರಿಂಗ್ ಆಫ್ ಹಾನರ್ ಸಂಸ್ಥೆಯ ಪಟ್ಟಕ್ಕಾಗಿ ಆಡಮ್ ಕೋಲ್ ಮತ್ತು ಕೈಲ್ ಓ'ರೈಲಿ ಆಡಿದ ಪಂದ್ಯವಾಗಲಿ, ಉಸಿರು ಬಿಡಲು ಸಮಯವಿಲ್ಲದೆ ಮುಗಿದುಹೋದವು. ಎಂಟರಲ್ಲಿ ಆರು ಪಟ್ಟಗಳು ಒಂದೇ ರಾತ್ರಿ ಕೈ ಬದಲಿಸಿದ್ದು ನನಗೆ ಅತಿಯೆನಿಸಿತು. ಪಟ್ಟದ ಬೆಲ್ಟ್ ಕಳೆದುಕೊಳ್ಳುವುದು ಅಪರೂಪವಾದಾಗ ಮಾತ್ರ ಅದನ್ನು ಗೆಲ್ಲುವುದಕ್ಕೊಂದು ತೂಕ ಇರುತ್ತದೆ.

ಪ್ರದರ್ಶನಕ್ಕೆ ಕಳೆ ಬರುವುದು ಕುಶಿದಾ ಮತ್ತು ಹಿರೋಮು ತಕಾಹಾಶಿ ನಡುವಿನ, ಕಡಿಮೆ ತೂಕದವರ ಜೂನಿಯರ್ ಹೆವಿವೇಟ್ ಪಟ್ಟದ ಪಂದ್ಯದಿಂದ. ತನ್ನ ಮೈಮೇಲಿನ ಪರಿವೆಯೇ ಇಲ್ಲದವನಂತೆ ಹಾರುವ ಹಿರೋಮು ಒಂದೆಡೆ, ಎದುರಾಳಿಯ ತೋಳನ್ನೇ ಗುರಿಯಾಗಿಸಿಕೊಂಡು ಪಟ್ಟು ಬಿಗಿಗೊಳಿಸುವ ಕುಶಿದಾ ಇನ್ನೊಂದೆಡೆ. ಇಬ್ಬರ ಸ್ವಭಾವವೂ ಅವರ ಕುಸ್ತಿಯ ರೀತಿಯಲ್ಲೇ ಕಾಣುವುದರಿಂದ ಹಿನ್ನೆಲೆ ಗೊತ್ತಿಲ್ಲದವರಿಗೂ ಈ ಪಂದ್ಯ ಅರ್ಥವಾಗುತ್ತದೆ.

ನಂತರದ ಗೋತೊ ಮತ್ತು ಶಿಬಾತಾ ಪಂದ್ಯವನ್ನು ಹೊಗಳುವಾಗ ಮನಸ್ಸು ಹಿಂಜರಿಯುತ್ತದೆ. ಒಂದೇ ಪ್ರೌಢಶಾಲೆಯಲ್ಲಿ ಕುಸ್ತಿ ಕಲಿತ ಇಬ್ಬರು ಗೆಳೆಯರು ಹಿಂದೆ ಸರಿಯದೆ ಪರಸ್ಪರ ಹೊಡೆದಾಡುವ, ತೂಕದ ಮಿತಿಯಿಲ್ಲದ ಈ ನೆವರ್ ಓಪನ್‌ವೇಟ್ ಪಟ್ಟದ ಪಂದ್ಯದ ತೀವ್ರತೆ ಪ್ರಶ್ನಾತೀತ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಹೆವಿವೇಟ್ ಚಾಂಪಿಯನ್ ಒಕಾಡಾ ವಿರುದ್ಧದ ಪಂದ್ಯದಲ್ಲಿ ಶಿಬಾತಾ ತಲೆಯಿಂದ ಗುದ್ದಿ, ಮಿದುಳಿನ ಹೊದಿಕೆಯಡಿ ರಕ್ತ ಹೆಪ್ಪುಗಟ್ಟಿ, ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಇದು ತಿಳಿದ ಮೇಲೆ, ತಲೆಗೆ ಬೀಳುವ ಪ್ರತಿ ಹೊಡೆತಕ್ಕೂ ಚಪ್ಪಾಳೆ ತಟ್ಟುವುದು ನನ್ನಿಂದಾಗಲಿಲ್ಲ. ಕಥೆ ಕಲ್ಪಿತವಾದರೂ ದೇಹ ಕಲ್ಪಿತವಲ್ಲ ಎಂಬುದನ್ನು ಆಯೋಜಕರು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು.

ಕಥೆ ಕಟ್ಟುವ ತಾಳ್ಮೆಗೆ ಅತ್ಯುತ್ತಮ ಉದಾಹರಣೆ ತೆತ್ಸುಯಾ ನೈಟೊ ಮತ್ತು ಹಿರೋಶಿ ತನಹಾಶಿ ನಡುವಿನ ಇಂಟರ್‌ಕಾಂಟಿನೆಂಟಲ್ ಪಟ್ಟದ ಪಂದ್ಯ. ಸಂಸ್ಥೆಯ ವಾರ್ಷಿಕ ಪಂದ್ಯಾವಳಿಯಾದ ಜಿ1 ಕ್ಲೈಮ್ಯಾಕ್ಸ್ ಅನ್ನು 2013ರಲ್ಲಿ ಗೆದ್ದ ನೈಟೊಗೆ 2014ರ ಜನವರಿ 4ರಂದು ಮುಖ್ಯ ಪಂದ್ಯವಾಡುವ ಅವಕಾಶ ದಕ್ಕಿತ್ತು. ಆದರೆ ಪ್ರೇಕ್ಷಕರ ಮತದಾನ ನಡೆಸಿ, ಆ ಸ್ಥಾನವನ್ನು ನಕಾಮುರಾ ಮತ್ತು ತನಹಾಶಿಯ ಇಂಟರ್‌ಕಾಂಟಿನೆಂಟಲ್ ಪಂದ್ಯಕ್ಕೆ ಕೊಡಲಾಯಿತು. ಆ ಅವಮಾನವನ್ನು ನುಂಗಿ, 2015ರಲ್ಲಿ ಮೆಕ್ಸಿಕೋಗೆ ಹೋಗಿ, ಯಾವುದಕ್ಕೂ ಸೊಪ್ಪು ಹಾಕದ ಹೊಸ ಅವತಾರದಲ್ಲಿ ಮರಳಿದ ನೈಟೊ, ಮೂರು ವರ್ಷಗಳ ನಂತರ ಅದೇ ಡೋಮ್‌ನಲ್ಲಿ, ಅದೇ ಪಟ್ಟವನ್ನು ತನ್ನದಾಗಿಸಿಕೊಂಡು, ಅದೇ ತನಹಾಶಿಯ ಎದುರು ನಿಂತಿದ್ದಾನೆ. ಇಬ್ಬರೂ ಒಬ್ಬರ ಕಾಲನ್ನೊಬ್ಬರು ಕ್ರಮವಾಗಿ ಹಣಿಯುತ್ತ ಹೋಗಿ, ಕೊನೆಗೆ 'ಡೆಸ್ಟಿನೊ' ಪಟ್ಟಿನಿಂದ ನೈಟೊ ಗೆದ್ದಾಗ, ಹಿಂದೊಮ್ಮೆ ತಾವೇ ತಿರಸ್ಕರಿಸಿದವನನ್ನು ಜನ ಒಪ್ಪಿಕೊಂಡದ್ದು ಸ್ಪಷ್ಟವಾಗಿ ಕೇಳಿಸುತ್ತದೆ.

ಆಗ ಸಂಸ್ಥೆಯ ಅತ್ಯುನ್ನತ ಪಟ್ಟವಾಗಿದ್ದ ಐಡಬ್ಲ್ಯೂಜಿಪಿ ಹೆವಿವೇಟ್ ಪಟ್ಟಕ್ಕಾಗಿ ಕಜುಚಿಕ ಒಕಾಡಾ ಮತ್ತು ಕೆನಡಾದ ಕೆನ್ನಿ ಒಮೆಗಾ ಆಡಿದ ಕೊನೆಯ ಪಂದ್ಯ 46 ನಿಮಿಷ 45 ಸೆಕೆಂಡು ನಡೆಯಿತು. ಜಿ1 ಕ್ಲೈಮ್ಯಾಕ್ಸ್ ಗೆದ್ದ ಮೊದಲ ಜಪಾನೇತರನಾಗಿ ಒಮೆಗಾ ಈ ಅವಕಾಶ ಪಡೆದಿದ್ದ. ಆರಂಭ ನಿಧಾನ ಎಂದು ಹಲವರು ದೂರುವುದುಂಟು; ನನಗಂತೂ ಆ ನಿಧಾನವೇ ಪಂದ್ಯದ ಬುನಾದಿ ಅನಿಸಿತು. ಒಕಾಡಾ ಒಮೆಗಾನನ್ನು ರಿಂಗ್‌ನ ಹಗ್ಗಗಳ ಮೇಲಿಂದ ಹೊರಗಿನ ಮೇಜಿನ ಮೇಲೆ ಎತ್ತಿ ಒಗೆದ ಕ್ಷಣದಿಂದ ಮುಂದೆ ಪಂದ್ಯದ ಗತಿಯೇ ಬದಲಾಗುತ್ತದೆ. ಒಮೆಗಾ ಮೊಣಕಾಲಿನಿಂದ ಮತ್ತೆ ಮತ್ತೆ ಗುದ್ದುತ್ತಾನೆ. ಆದರೆ ತನ್ನ ಬ್ರಹ್ಮಾಸ್ತ್ರವಾದ 'ಒನ್-ವಿಂಗ್ಡ್ ಏಂಜೆಲ್' ಪಟ್ಟನ್ನು ಕೊನೆಯವರೆಗೂ ಹಾಕಲಾಗುವುದಿಲ್ಲ. ಒಕಾಡಾ 'ರೇನ್‌ಮೇಕರ್' ಹೊಡೆತದಿಂದ ಪಟ್ಟ ಉಳಿಸಿಕೊಂಡರೂ, ಆ ಪಟ್ಟು ಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನೋಡುಗರಲ್ಲಿ ಉಳಿಯುತ್ತದೆ. ಸೋತವನ ಬೆಲೆಯನ್ನೂ ಹೀಗೆ ಹೆಚ್ಚಿಸುವುದು ಸುಲಭದ ಕೆಲಸವಲ್ಲ. ಸಾಮಾನ್ಯವಾಗಿ ಐದು ನಕ್ಷತ್ರಗಳಿಗೆ ನಿಲ್ಲುವ ವಿಮರ್ಶಕ ಡೇವ್ ಮೆಲ್ಟ್ಜರ್ ಇದಕ್ಕೆ ಆರು ಕೊಟ್ಟದ್ದು ದೊಡ್ಡ ಚರ್ಚೆಯಾಯಿತು. ನನಗೆ ಅದು ಉತ್ಪ್ರೇಕ್ಷೆಯಾಗಿ ಕಾಣಲಿಲ್ಲ.

ಇಡೀ ಪ್ರದರ್ಶನ ಸಂಸ್ಥೆಯ ಎನ್‌ಜೆಪಿಡಬ್ಲ್ಯೂ ವರ್ಲ್ಡ್ ಎಂಬ ಅಂತರ್ಜಾಲ ವಿಡಿಯೊ ಸೇವೆಯಲ್ಲಿ ಪ್ರಸಾರವಾಯಿತು. ಆಗ ಅದರ ತಿಂಗಳ ಚಂದಾ 999 ಯೆನ್. ಕೆವಿನ್ ಕೆಲ್ಲಿ ಮತ್ತು ಸ್ಟೀವ್ ಕೊರಿನೋ ಅವರ ಇಂಗ್ಲಿಷ್ ಕಾಮೆಂಟರಿ ಹಳೆಯ ದ್ವೇಷಗಳ ಹಿನ್ನೆಲೆಯನ್ನು ಹೇಳುವುದರಿಂದ ಹೊಸಬರಿಗೆ ಉಪಯುಕ್ತ. ಜಪಾನಿ ಕಾಮೆಂಟರಿಯ ಆವೇಶ ಮಾತ್ರ ಭಾಷೆ ಬಾರದವರಿಗೂ ತಟ್ಟುವಂಥದ್ದು. ಸಮಯ ಕಡಿಮೆಯಿದ್ದವರು ಕುಶಿದಾ ಪಂದ್ಯದಿಂದ ಆರಂಭಿಸಿ ಕೊನೆಯ ನಾಲ್ಕು ಪಂದ್ಯಗಳನ್ನು ನೋಡಿದರೆ ಸಾಕು. ಅನಂತರ ಒಕಾಡಾ ಮತ್ತು ಒಮೆಗಾ 2017ರ ಜೂನ್‌ನಲ್ಲಿ ಒಸಾಕಾದಲ್ಲಿ 60 ನಿಮಿಷ ಸೆಣಸಿ ಡ್ರಾ ಮಾಡಿಕೊಂಡ ಪಂದ್ಯವನ್ನೂ, 2018ರ ಜೂನ್‌ನಲ್ಲಿ ಒಮೆಗಾ ಕೊನೆಗೂ ಪಟ್ಟ ಗೆದ್ದ ಪಂದ್ಯವನ್ನೂ ಇದೇ ಕ್ರಮದಲ್ಲಿ ನೋಡುವುದು ಒಳ್ಳೆಯದು.