ಪಾಸ್‌ವರ್ಡ್ ಬದಲಿಸುವ ರಗಳೆ: ವರ್ಕ್‌ಗ್ರೂಪ್, ವಿಂಡೋಸ್ ಸರ್ವರ್, ಸಾಂಬಾ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾಂಬಾಗೆ, ಅಂದರೆ ವಿಂಡೋಸ್ ಸರ್ವರ್‌ನ ಕೆಲಸವನ್ನು ಲಿನಕ್ಸ್‌ನಲ್ಲಿ ಮಾಡುವ ಉಚಿತ ಸಾಫ್ಟ್‌ವೇರ್‌ಗೆ. ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದ ಆಫೀಸು ನಮ್ಮದು. ಎಂಟು ಕಂಪ್ಯೂಟರ್ ಇವೆ. ನನ್ನ ಕೆಲಸ ಲೆಕ್ಕ ಬರೆಯುವುದು. ಆದರೆ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ, ಯಾರಾದರೂ ಪಾಸ್‌ವರ್ಡ್ ಮರೆತರೂ ಕೂಗುವುದು ನನ್ನನ್ನೇ.

ಮುಂಚೆ ಇದ್ದದ್ದು ವರ್ಕ್‌ಗ್ರೂಪ್, ಅಂದರೆ ಸರ್ವರ್ ಇಲ್ಲ, ಪ್ರತಿ ಮಷೀನಿನಲ್ಲೂ ಖಾತೆ ಬೇರೆ ಬೇರೆ. ಖರ್ಚಿಲ್ಲ, ಅಷ್ಟೇ ಅದರ ಗುಣ. ಒಬ್ಬರು ಪಾಸ್‌ವರ್ಡ್ ಬದಲಿಸಿದರೆ ಫೈಲ್ ಇಟ್ಟಿರುವ ಮಷೀನಿನಲ್ಲೂ ನಾನೇ ಹೋಗಿ ಬದಲಿಸಬೇಕು. ಅಷ್ಟಾದರೂ, ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೆಯದು ಕೂತಿದ್ದರೆ ಶೇರ್ ಫೋಲ್ಡರ್ ತೆರೆಯುವುದಿಲ್ಲ. ಮೂರು ಜನಕ್ಕೆ ಸರಿ, ಎಂಟು ಜನಕ್ಕೆ ಬೇಡ.

ಆಮೇಲೆ ವಿಂಡೋಸ್ ಸರ್ವರ್. 180 ದಿನದ ಇವ್ಯಾಲ್ಯುಯೇಷನ್ (ಪರೀಕ್ಷೆಗೆ ಕೊಡುವ ಉಚಿತ ಆವೃತ್ತಿ) ಹಾಕಿ ನೋಡಿದೆ. ಎಲ್ಲರ ಖಾತೆ ಒಂದೇ ಕಡೆ (ಇದಕ್ಕೇ ಡೊಮೇನ್ ಅನ್ನುವುದು), ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಅವರವರೇ ಬದಲಿಸಿಕೊಳ್ಳಬಹುದು. ಹಾಯಾಗಿತ್ತು, ಆ ಶನಿವಾರದವರೆಗೆ.

ಅವತ್ತು ಬಟವಾಡೆ. ರೈಟರ್ ಅಣ್ಣ ಬಂದು "ಇದು ನನ್ನನ್ನು ಒಳಗೇ ಬಿಡ್ತಾ ಇಲ್ಲ ಮಾರಾಯ" ಅಂದರು. ಪಾಸ್‌ವರ್ಡ್ ಮರೆತಿದ್ದರು. ರೀಸೆಟ್ ಮಾಡಿ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟೆ. ಗಡಿಬಿಡಿಯಲ್ಲಿ, ಮುಂದಿನ ಲಾಗಿನ್‌ನಲ್ಲಿ ಬದಲಿಸಲೇಬೇಕು ಎನ್ನುವ ಟಿಕ್ ತೆಗೆದುಬಿಟ್ಟೆ. ಒಳಗೆ ಹೋದರು. ಸುಮ್ನೆ ಇರಬಾರದಿತ್ತಾ ನಾನು, "ಈಗ ನಿಮ್ಮದೇ ಒಂದು ಇಟ್ಕೊಳ್ಳಿ ಅಣ್ಣಾ" ಅಂದೆ.

ಹಾಕಿದರು. ಉದ್ದ, ಕಾಂಪ್ಲೆಕ್ಸಿಟಿ (ಅಕ್ಷರ, ಅಂಕಿ, ಚಿಹ್ನೆ ಬೆರೆಸುವುದು), ಹಿಸ್ಟರಿ (ಹಿಂದೆ ಬಳಸಿದ ಪಾಸ್‌ವರ್ಡ್‌ಗಳು) ಇವುಗಳ ನಿಯಮಕ್ಕೆ ಹೊಂದುತ್ತಿಲ್ಲ ಅಂತ ಬಂತು. ದೊಡ್ಡಕ್ಷರ ಸೇರಿಸಿದೆವು, ಅದೇ ಉತ್ತರ. ನಾಯಿಯ ಹೆಸರು, ಜೀಪಿನ ನಂಬರು, ಎರಡನ್ನೂ ಜೋಡಿಸಿ ಕೊನೆಗೊಂದು ಆಶ್ಚರ್ಯಸೂಚಕ, ಎಣಿಸಿದರೆ 14 ಅಕ್ಷರ, ಅದಕ್ಕೂ ಅದೇ ಉತ್ತರ. ಹೊರಗೆ ಜಗಲಿಯಲ್ಲಿ ಲೈನ್ ಮನೆಯವರು ಕೂಲಿಗೆ ಕಾಯುತ್ತಿದ್ದಾರೆ, ಹಾಜರಿ-ಕೂಲಿ ಬರೆಯುವ ಪುಸ್ತಕ, ಚೆಕ್‌ರೋಲ್, ಮುಚ್ಚಿಯೇ ಇದೆ, ಒಳಗೆ ನಾವಿಬ್ಬರು ನಾಯಿಯ ಹೆಸರಿಗೆ ಸ್ಪೆಲ್ಲಿಂಗ್ ಹುಡುಕುತ್ತಿದ್ದೇವೆ. ತಾತ್ಕಾಲಿಕ ಪಾಸ್‌ವರ್ಡ್‌ನಲ್ಲೇ ಕೆಲಸ ನಡೆಯುತ್ತಿತ್ತು ಅನ್ನೋದು ಹೊಳೆಯಲೇ ಇಲ್ಲ!

ಮರುದಿನ ಮಧ್ಯಾಹ್ನ ಅದೇ 14 ಅಕ್ಷರ ಸಲೀಸಾಗಿ ಹೋಯಿತು.

ವಿಷಯ ಏನೆಂದರೆ, ಡೊಮೇನ್‌ನಲ್ಲಿ ಮಿನಿಮಮ್ ಪಾಸ್‌ವರ್ಡ್ ಏಜ್ ಅಂತ ಒಂದಿದೆ, ಒಮ್ಮೆ ಬದಲಿಸಿದ ಮೇಲೆ ಮತ್ತೆ ಬದಲಿಸಲು ಕಾಯಬೇಕಾದ ಸಮಯ, ಡಿಫಾಲ್ಟ್ 1 ದಿನ. ಹಿಂದಿನ 24 ಪಾಸ್‌ವರ್ಡ್ ಮತ್ತೆ ಹಾಕಬಾರದು ಎನ್ನುವ ನಿಯಮಕ್ಕೆ ಇದು ಕಾವಲು, ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ 24 ಸಲ ಬದಲಿಸಿ ಹಳೆಯದಕ್ಕೇ ಬರಬಹುದಲ್ವಾ. ಟಿಕ್ ಇಲ್ಲದೆ ರೀಸೆಟ್ ಮಾಡಿದರೆ ಆ ಒಂದು ದಿನ ಆಗಿನಿಂದಲೇ ಶುರು. ಟಿಕ್ ಇದ್ದಿದ್ದರೆ ಇದು ಅಡ್ಡ ಬರುತ್ತಿರಲಿಲ್ಲ. ಆದರೆ ಪರದೆಯ ಮೇಲೆ ಬರುವ ಸಾಲಿನಲ್ಲಿ ದಿನದ ಮಾತೇ ಇಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸರ್, ಆಮೇಲೆ ಅವರ ಲಾಗಿನ್ ಹೆಸರು, ಕೊನೆಗೆ ಸ್ಲ್ಯಾಷ್ ಡೊಮೇನ್ ಹೊಡೆಯಿರಿ. 'ಪಾಸ್‌ವರ್ಡ್ ಚೇಂಜಬಲ್' ಎಂಬ ಸಾಲಿನಲ್ಲಿ ಯಾವಾಗಿನಿಂದ ಬದಲಿಸಬಹುದು ಅಂತ ತಾರೀಖು, ಗಂಟೆ ಸಮೇತ ಇರುತ್ತದೆ.

ಸಾಂಬಾದಲ್ಲೂ ಡಿಫಾಲ್ಟ್ ಅದೇ 1 ದಿನ, ಅದೇ 24. ಆದರೆ ಇಲ್ಲಿ ಸಾಂಬಾ-ಟೂಲ್ ಎಂಬ ಕಮಾಂಡ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಆ ಒಂದು ದಿನ ಸೊನ್ನೆ. ವಿಂಡೋಸ್ ಸರ್ವರ್‌ನಲ್ಲಿ ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗ್‌ಗಳೊಳಗೆ ಮೆನು ಮೇಲೆ ಮೆನು ಇಳಿಯಬೇಕು. ನನಗೆ ಆ ಸಾಲನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳುವುದೇ ಸುಲಭ. ಸಾಂಬಾ 2012ರ 4.0ಯಿಂದಲೇ ಡೊಮೇನ್ ಕಂಟ್ರೋಲರ್ (ಎಲ್ಲರ ಖಾತೆ ನೋಡಿಕೊಳ್ಳುವ ಸರ್ವರ್) ಆಗಬಲ್ಲದು, ಹಳೇ ಡೆಸ್ಕ್‌ಟಾಪ್ ಸಾಕು, ಲೈಸೆನ್ಸ್ ದುಡ್ಡಿಲ್ಲ. 180 ದಿನ ಮುಗಿಯುವಾಗ ಸರ್ವರ್ ಲೈಸೆನ್ಸ್, ಮೇಲೆ ಪ್ರತಿ ಬಳಕೆದಾರರಿಗೂ ಕ್ಯಾಲ್ (ಸರ್ವರ್ ಬಳಸುವುದಕ್ಕೆ ಬೇರೆ ಲೈಸೆನ್ಸ್) ಅಂತ ಕೊಟೇಶನ್ ಬಂದಾಗ ಸಾಹುಕಾರರು ಅದನ್ನು ನೋಡಿ ನನ್ನನ್ನು ನೋಡಿದರು, ಅಲ್ಲಿಗೆ ಮುಗಿಯಿತು.

42 ದಿನಕ್ಕೊಮ್ಮೆ ಬದಲಿಸಿ ಎನ್ನುವ ಡಿಫಾಲ್ಟನ್ನೂ ತೆಗೆದೆ. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಶಿಫಾರಸಿನಿಂದ ಅದನ್ನು ಕೈಬಿಟ್ಟಿದೆ. ಕೊಯ್ಲಿನ ಸಮಯದಲ್ಲಿ ನಮ್ಮವರು ಚೆಕ್‌ರೋಲಿನ ರಟ್ಟಿನ ಮೇಲೇ ಪಾಸ್‌ವರ್ಡ್ ಬರೆಯುತ್ತಿದ್ದರು.

ಮಳೆಗಾಲದ ಒಂದು ಮಾತು, ಇದು ವಿಂಡೋಸ್ ಸರ್ವರ್, ಸಾಂಬಾ ಎರಡಕ್ಕೂ ಅನ್ವಯ. ಕರೆಂಟು ಹೋಗಿ ಬಂದು, ಮದರ್‌ಬೋರ್ಡಿನ ಸೆಲ್ ಸತ್ತು, ಗಡಿಯಾರ ಸರ್ವರ್‌ಗಿಂತ 5 ನಿಮಿಷಕ್ಕೂ ಜಾಸ್ತಿ ಆಚೀಚೆ ಆದರೆ ಲಾಗಿನ್ ಪರೀಕ್ಷಿಸುವ ಕರ್ಬರೋಸ್ ಒಪ್ಪುವುದಿಲ್ಲ, ಸರಿ ಪಾಸ್‌ವರ್ಡ್ ಹಾಕಿದರೂ ತೊಂದರೆ. ಮೊದಲು ಗಡಿಯಾರ ನೋಡಿ.

ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ಕಂಡರೆ ಆಗದವರು, ದುಡ್ಡಿದ್ದರೆ, ವಿಂಡೋಸ್ ಸರ್ವರನ್ನೇ ತಗೊಳ್ಳಿ. ಮನೆಗೆ ಒಯ್ಯುವ ಲ್ಯಾಪ್‌ಟಾಪಿಗೆ ಮಾತ್ರ ಎರಡರಲ್ಲೂ ಒಂದೇ ಕಥೆ: ಇಲ್ಲಿ ಬದಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ, ಆಫೀಸಿನ ನೆಟ್‌ವರ್ಕಿಗೆ ಬರುವವರೆಗೆ ಹಳೆಯ ಪಾಸ್‌ವರ್ಡೇ ನಡೆಯುತ್ತದೆ. ಮ್ಯಾನೇಜರ್ ಸಾರ್ ರಾತ್ರಿ ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ, "ಹಳೇದು ಹಾಕಿ ನೋಡಿದ್ರಾ ಸಾರ್?"